ಎಷ್ಟು ಮಳೆ ಬಂತು? – ಹವಾಮಾನ ಅಳೆಯುವ ಉಪಕರಣಗಳು



ರಾತ್ರಿ ಮಳೆ ಬಂದರೆ ಮರುದಿನ ಬೆಳಿಗ್ಗೆ ಊರಿನ ಕಟ್ಟೆಯ ಮೇಲೆ ಅದೇ ಮಾತು. “ನಿಮ್ಮ ಹೊಲದ ಕಡೆ ಮಳೆ ಹೇಗೆ?” ಎಂದು ಒಬ್ಬರು ಕೇಳುತ್ತಾರೆ. “ಹದ ಮಳೆ ಆಯ್ತು, ನಾಳೆ ಬಿತ್ತಬಹುದು” ಎಂದು ಒಬ್ಬರು ಹೇಳಿದರೆ, “ಧೂಳು ಅಡಗುವಷ್ಟೂ ಬರಲಿಲ್ಲ” ಎನ್ನುತ್ತಾರೆ ಇನ್ನೊಬ್ಬರು. ಊರಿನವರಿಗೆ ಈ ಮಾತುಗಳ ಅರ್ಥ ಚೆನ್ನಾಗಿ ಗೊತ್ತು. ಆದರೆ ಇದೇ ಮಾತನ್ನು ಬೇರೆ ಊರಿನವರಿಗೆ ಹೇಳಿದರೆ? ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಒಂದು ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆ 500 ಮಿಲಿಮೀಟರ್ ಬಿದ್ದರೆ ಅದೇ ಒಳ್ಳೆಯ ವರ್ಷ. ಆಗುಂಬೆಯವರ ‘ಸ್ವಲ್ಪ ಮಳೆ’ ಚಳ್ಳಕೆರೆಯವರಿಗೆ ‘ಭಾರಿ ಮಳೆ’ ಆಗಬಹುದು, ಅಲ್ಲವೇ?

ಆದ್ದರಿಂದಲೇ ವಿಜ್ಞಾನಿಗಳು ಹವಾಮಾನವನ್ನು ಮಾತಿನಲ್ಲಿ ಹೇಳದೆ ಅಂಕಿಗಳಲ್ಲಿ ಹೇಳುತ್ತಾರೆ. ಆ ಅಂಕಿಗಳನ್ನು ಕೊಡುವ ಉಪಕರಣಗಳು ಯಾವುವು? ಅವು ಹೇಗೆ ಕೆಲಸ ಮಾಡುತ್ತವೆ? ಅವುಗಳಿಂದ ನಾಳೆಯ ಹವಾಮಾನವನ್ನು ಹೇಗೆ ತಿಳಿಯುತ್ತಾರೆ? ನೋಡೋಣ ಬನ್ನಿ.

ಒಂದೇ ಊರು, ಮೂರು ಉತ್ತರ

ಮೊದಲು ಒಂದು ಒಗಟು. ಒಂದೇ ಊರಿನ ಮೂವರು ಗೆಳೆಯರು ತಮ್ಮ ಮನೆಯ ಹತ್ತಿರ ಒಂದೊಂದು ಡಬ್ಬಿ ಇಟ್ಟು ಮಳೆ ಅಳೆದರು ಎಂದುಕೊಳ್ಳಿ. ಮೂರು ಡಬ್ಬಿಗಳೂ ಒಂದೇ ಬಗೆಯವು. ಮಳೆಯೂ ಒಂದೇ. ಆದರೂ ಬೆಳಿಗ್ಗೆ ಒಬ್ಬನಿಗೆ 30 ಮಿ.ಮೀ., ಇನ್ನೊಬ್ಬಳಿಗೆ 18 ಮಿ.ಮೀ., ಮತ್ತೊಬ್ಬನಿಗೆ 41 ಮಿ.ಮೀ. ಸಿಕ್ಕಿತು. ಯಾರ ಲೆಕ್ಕ ಸರಿ?

ಉತ್ತರ ಹೇಳುವ ಮೊದಲು ಡಬ್ಬಿಗಳನ್ನು ಎಲ್ಲೆಲ್ಲಿ ಇಟ್ಟಿದ್ದರು ಎಂದು ಕೇಳಬೇಕು. 18 ಮಿ.ಮೀ. ಸಿಕ್ಕ ಡಬ್ಬಿ ಬೇವಿನ ಮರದ ಕೆಳಗಿತ್ತು. ಎಲೆಗಳು ಸ್ವಲ್ಪ ಮಳೆಯನ್ನು ತಡೆದವು. 41 ಮಿ.ಮೀ. ಸಿಕ್ಕ ಡಬ್ಬಿ ಮನೆಯ ಸೂರಿನ ಹತ್ತಿರವಿತ್ತು. ಅದರೊಳಗೆ ಮಳೆಯ ಜೊತೆ ಸೂರಿನ ನೀರೂ ಸಿಡಿದು ಬಿತ್ತು. 30 ಮಿ.ಮೀ. ಸಿಕ್ಕ ಡಬ್ಬಿ ಬಯಲಿನಲ್ಲಿತ್ತು. ಆ ಲೆಕ್ಕವೇ ನಿಜಕ್ಕೆ ಹತ್ತಿರ.

ನೋಡಿದಿರಾ? ಉಪಕರಣ ಚೆನ್ನಾಗಿದ್ದರೆ ಸಾಲದು. ಅದನ್ನು ಸರಿಯಾದ ಜಾಗದಲ್ಲಿ ಇಡಬೇಕು, ಸರಿಯಾದ ಹೊತ್ತಿಗೆ ನೋಡಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಎಲ್ಲ ಊರಿನವರೂ ಒಂದೇ ರೀತಿಯಲ್ಲಿ ಅಳೆದರೆ ಮಾತ್ರ ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬಹುದು. ಮುಂದೆ ಓದುವಾಗ ಈ ಮಾತನ್ನು ನೆನಪಿಟ್ಟುಕೊಳ್ಳಿ. ಪ್ರತಿಯೊಂದು ಉಪಕರಣದಲ್ಲೂ ಇದು ಮತ್ತೆ ಮತ್ತೆ ಕಾಣಿಸುತ್ತದೆ.

ಒಂದು ಮಿಲಿಮೀಟರ್ ಮಳೆ ಎಂದರೇನು?

ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಮಳೆಯೂ ನೀರೇ. ಅದನ್ನೇಕೆ ಮಿಲಿಮೀಟರಿನಲ್ಲಿ ಅಳೆಯುತ್ತಾರೆ?

ಅಂಗಳದಲ್ಲಿ ಒಂದು ಅಗಲವಾದ ತಪ್ಪಲೆ ಮತ್ತು ಒಂದು ಕಿರಿದಾದ ಡಬ್ಬಿ ಇಡಿ. ಎರಡರ ಗೋಡೆಯೂ ನೇರವಾಗಿರಲಿ. ಮಳೆ ನಿಂತ ಮೇಲೆ ತಪ್ಪಲೆಯಲ್ಲಿ ಹೆಚ್ಚು ನೀರು, ಡಬ್ಬಿಯಲ್ಲಿ ಕಡಿಮೆ ನೀರು ಇರುತ್ತದೆ. ಆದರೆ ಸ್ಕೇಲು ಇಳಿಸಿ ನೋಡಿದರೆ ಎರಡರಲ್ಲೂ ನೀರಿನ ಎತ್ತರ ಒಂದೇ! ಪಾತ್ರೆ ಅಗಲವಾದಷ್ಟೂ ಹೆಚ್ಚು ಹನಿಗಳು ಬೀಳುತ್ತವೆ. ಆದರೆ ಆ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಹೀಗಾಗಿ ಲೀಟರಿನ ಲೆಕ್ಕ ಪಾತ್ರೆಯಿಂದ ಪಾತ್ರೆಗೆ ಬದಲಾದರೂ ಎತ್ತರದ ಲೆಕ್ಕ ಬದಲಾಗುವುದಿಲ್ಲ.

ಬಿದ್ದ ಮಳೆ ಹರಿದು ಹೋಗದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ಹಾಗೆಯೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತೋ ಅದೇ ಮಳೆಯ ಅಳತೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಆ ನೀರು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಈಗ ಲೆಕ್ಕ ಹಾಕಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. 10 ಮಿ.ಮೀ. ಮಳೆ ಬಂದರೆ ಒಂದು ಎಕರೆ ಹೊಲಕ್ಕೆ ಬಿದ್ದ ನೀರು 40,000 ಲೀಟರಿಗೂ ಹೆಚ್ಚು! ಸಣ್ಣ ಅಂಕಿ ಎಂದು ಅಲಕ್ಷ್ಯ ಮಾಡುವಂತಿಲ್ಲ.

ಮಳೆಮಾಪಕ

ಮಳೆ ಅಳೆಯುವ ಅಭ್ಯಾಸ ತುಂಬ ಹಳೆಯದು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆ ಇಡಬೇಕೆಂಬ ವಿವರ ಬರುತ್ತದೆ. ಕೊರಿಯಾ ದೇಶದಲ್ಲಿ 1441ರ ಸುಮಾರಿಗೆ ಒಂದೇ ಅಳತೆಯ ಮಳೆಮಾಪಕಗಳನ್ನು ಮಾಡಿಸಿ ಬೇರೆ ಬೇರೆ ಊರುಗಳಿಗೆ ಕಳುಹಿಸಿದ್ದರು. ಯಾವ ಊರಿನಲ್ಲಿ ಎಷ್ಟು ಬೆಳೆ ಬಂದೀತು ಎಂದು ರಾಜರಿಗೆ ತಿಳಿಯಬೇಕಿತ್ತು.

ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಸೈಮನ್ಸ್ ಮಳೆಮಾಪಕ. ಇದರಲ್ಲಿ ಮೇಲೆ 127 ಮಿ.ಮೀ. ಅಗಲದ ಬಾಯಿಯುಳ್ಳ ಆಲಿಕೆ, ಅದರ ಕೆಳಗೆ ಒಂದು ಬಾಟಲಿ, ಹೊರಗಡೆ ಒಂದು ಲೋಹದ ಕವಚ ಇರುತ್ತವೆ. ಆಲಿಕೆಯ ಕೊಳವೆ ಸಣ್ಣದಾಗಿರುವುದರಿಂದ ಬಾಟಲಿಗೆ ಇಳಿದ ನೀರು ಬಿಸಿಲಿಗೆ ಸುಲಭವಾಗಿ ಆವಿಯಾಗುವುದಿಲ್ಲ. ಈಗ ಗಾಜಿನ ನಾರು ಬೆರೆಸಿ ತಯಾರಿಸಿದ ಮಳೆಮಾಪಕಗಳೂ ಬಳಕೆಯಲ್ಲಿವೆ. ಅವುಗಳ ತತ್ವವೂ ಇದೇ.

ಬಾಟಲಿಯ ನೀರನ್ನು ಗೆರೆ ಹಾಕಿದ ಒಂದು ಕಿರಿದಾದ ಗಾಜಿನ ಜಾಡಿಗೆ ಸುರಿದು ಅಳೆಯುತ್ತಾರೆ. ಜಾಡಿ ಕಿರಿದಾಗಿರುವುದಕ್ಕೆ ಕಾರಣವಿದೆ. ಆಲಿಕೆಯ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟು ಮಾತ್ರ ಜಾಡಿಯ ವಿಸ್ತೀರ್ಣ ಇದೆ ಎಂದುಕೊಳ್ಳಿ. ಆಗ ಒಂದು ಮಿ.ಮೀ. ಮಳೆ ಜಾಡಿಯಲ್ಲಿ ಒಂದು ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಹೀಗೆ ಹಿಗ್ಗಿಸಿ ನೋಡುವುದರಿಂದ ತುಂತುರು ಮಳೆಯನ್ನೂ ಅಳೆಯಲು ಸಾಧ್ಯ.

ಮಳೆಮಾಪಕ ಇಡುವುದಕ್ಕೆ ನಿಯಮಗಳಿವೆ. ಅದರ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ, ಸಮತಲವಾಗಿರಬೇಕು. ಇದಕ್ಕಿಂತ ತಗ್ಗಾಗಿದ್ದರೆ ನೆಲಕ್ಕೆ ಬಡಿದ ಹನಿಗಳು ಒಳಗೆ ಸಿಡಿಯುತ್ತವೆ. ಹತ್ತಿರದಲ್ಲಿ ಮರ ಅಥವಾ ಕಟ್ಟಡ ಇದ್ದರೆ, ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಳೆಮಾಪಕ ಇರಬೇಕು. ಹತ್ತು ಮೀಟರ್ ಎತ್ತರದ ತೆಂಗಿನ ಮರವಿದ್ದರೆ ಕನಿಷ್ಠ ಇಪ್ಪತ್ತು ಮೀಟರ್ ದೂರ.

ನೋಡುವ ಹೊತ್ತಿಗೂ ನಿಯಮವಿದೆ. ದೇಶದ ಉದ್ದಗಲಕ್ಕೂ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಯ ಲೆಕ್ಕ ತೆಗೆದುಕೊಳ್ಳುತ್ತಾರೆ. ಪತ್ರಿಕೆಯಲ್ಲಿ ‘24 ಗಂಟೆಗಳಲ್ಲಿ ಬಿದ್ದ ಮಳೆ’ ಎಂದು ಬರುತ್ತದಲ್ಲ, ಅದು ಹಿಂದಿನ ದಿನ ಬೆಳಿಗ್ಗೆ 8.30ರಿಂದ ಆ ದಿನ ಬೆಳಿಗ್ಗೆ 8.30ರವರೆಗಿನ ಮಳೆ. ಒಂದು ದಿನ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದನ್ನು ‘ಮಳೆಯ ದಿನ’ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ.

ತಾನೇ ಲೆಕ್ಕ ಕಳಿಸುವ ಮಳೆಮಾಪಕ

ನಿಮ್ಮ ಗ್ರಾಮ ಪಂಚಾಯಿತಿಯ ಆವರಣದಲ್ಲೋ ಮೇಲ್ಛಾವಣಿಯ ಮೇಲೋ ಸಣ್ಣ ಸೌರಫಲಕ ಇರುವ ಒಂದು ಉಪಕರಣವನ್ನು ನೋಡಿರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಇಂಥ ಸ್ವಯಂಚಾಲಿತ ಮಳೆಮಾಪಕಗಳನ್ನು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅಳವಡಿಸಿದೆ. ಪ್ರತಿ 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸುವಂತೆ ಇವುಗಳನ್ನು ರೂಪಿಸಲಾಗಿದೆ.

ಇಂಥ ಮಾಪಕಗಳ ಒಳಗೆ ಏನಿರುತ್ತದೆ? ಉದ್ಯಾನದಲ್ಲಿ ಮಕ್ಕಳು ಆಡುವ ಸೀಸಾ ನೋಡಿದ್ದೀರಲ್ಲ? ಅಂಥದ್ದೇ ಒಂದು ಪುಟ್ಟ ಸೀಸಾ. ಅದರ ಎರಡು ತುದಿಗೂ ಒಂದೊಂದು ಬಟ್ಟಲು. ಆಲಿಕೆಯಿಂದ ಇಳಿದ ನೀರು ಮೇಲಿರುವ ಬಟ್ಟಲಿಗೆ ಬೀಳುತ್ತದೆ. ನಿಗದಿತ ಅಳತೆ ತುಂಬಿದ ಕೂಡಲೇ ಅದು ಕೆಳಗೆ ವಾಲಿ ನೀರು ಚೆಲ್ಲುತ್ತದೆ. ಆಗ ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ವಿದ್ಯುತ್ ಸಂಕೇತ ಹೊರಡುತ್ತದೆ. ಒಂದು ಸಲ ವಾಲುವುದು 0.5 ಮಿ.ಮೀ. ಮಳೆಗೆ ಸಮ ಎಂದು ಇಟ್ಟುಕೊಂಡರೆ, 40 ಸಲ ವಾಲಿದರೆ ಎಷ್ಟು ಮಳೆ? 20 ಮಿ.ಮೀ. ಅಲ್ಲವೇ?

ಈ ಮಾಪಕದ ಆಲಿಕೆಗೆ ಒಂದು ಒಣ ಎಲೆ ಬಿದ್ದು ತೂತು ಮುಚ್ಚಿದರೆ ಏನಾಗುತ್ತದೆ ಯೋಚಿಸಿ. ಹೊರಗೆ ಧಾರಾಕಾರ ಮಳೆ ಸುರಿದರೂ ಲೆಕ್ಕ ಮಾತ್ರ ಸೊನ್ನೆ! ಮಲೆನಾಡಿನಲ್ಲಿ ಅಡಿಕೆ, ಕಾಳುಮೆಣಸು ಬೆಳೆಯುವವರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಅತಿಮಳೆಯಿಂದ ಕೊಳೆರೋಗ ಬಂದು ಬೆಳೆ ಹೋದಾಗ ಎಷ್ಟು ಪರಿಹಾರ ಕೊಡಬೇಕೆಂದು ತೀರ್ಮಾನಿಸಲು ಮಳೆಯ ಅಂಕಿಗಳನ್ನೇ ನೋಡುತ್ತಾರೆ. ಮಾಪಕ ಕೆಟ್ಟಿದ್ದರೆ ತೋಟದವರಿಗೆ ನ್ಯಾಯ ಸಿಗುವುದು ಹೇಗೆ? ಆದ್ದರಿಂದ ಮಕ್ಕಳೇ, ಮಳೆಮಾಪಕಕ್ಕೆ ಕಲ್ಲು ಹೊಡೆಯುವುದು, ಅದರೊಳಗೆ ಕಡ್ಡಿ ಹಾಕುವುದು ಆಟವಲ್ಲ. ಅದರ ಮೇಲೆ ಬಳ್ಳಿ ಹಬ್ಬಿರುವುದನ್ನೋ ಹಕ್ಕಿ ಗೂಡು ಕಟ್ಟಿರುವುದನ್ನೋ ಕಂಡರೆ ನಿಮ್ಮ ಶಿಕ್ಷಕರ ಮೂಲಕ ಪಂಚಾಯಿತಿಗೆ ತಿಳಿಸಿ. ನೀವೇ ಮುಟ್ಟಲು ಹೋಗಬೇಡಿ.

ಬಿಳಿ ಪೆಟ್ಟಿಗೆಯೊಳಗೆ

ಹವಾಮಾನ ಕೇಂದ್ರಕ್ಕೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ನಾಲ್ಕು ಕಾಲುಗಳ ಮೇಲೆ ನಿಂತಿರುವ ಒಂದು ಬಿಳಿ ಮರದ ಪೆಟ್ಟಿಗೆ. ಇದರ ಹೆಸರು ಸ್ಟೀವನ್‌ಸನ್ ಪೆಟ್ಟಿಗೆ. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಇದನ್ನು ರೂಪಿಸಿದರು.

ಗಾಳಿಯ ಉಷ್ಣತೆ ಅಳೆಯಲು ಪೆಟ್ಟಿಗೆ ಏಕೆ ಬೇಕು? ಉಷ್ಣತಾಮಾಪಕವನ್ನು ಬಿಸಿಲಿನಲ್ಲಿಟ್ಟರೆ ಅದರ ಬುರುಡೆಯೇ ಬಿಸಿಲಿಗೆ ಕಾಯುತ್ತದೆ. ಆಗ ಅದು ತೋರಿಸುವುದು ಗಾಳಿಯ ಉಷ್ಣತೆಯನ್ನಲ್ಲ, ತನ್ನದೇ ಉಷ್ಣತೆಯನ್ನು! ಮುಚ್ಚಿದ ಕೋಣೆಯಲ್ಲಿಟ್ಟರೆ ಹೊರಗಿನ ಗಾಳಿ ಅದಕ್ಕೆ ತಾಗುವುದಿಲ್ಲ. ಹಾಗಾಗಿ ನೆರಳೂ ಇರಬೇಕು, ಗಾಳಿಯೂ ಆಡಬೇಕು. ಪೆಟ್ಟಿಗೆಯ ಗೋಡೆಗಳು ಓರೆಯಾದ ಪಟ್ಟಿಗಳಿಂದ ಮಾಡಿದವು. ಅವು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತವೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಚದುರಿಸುತ್ತದೆ. ನಮ್ಮಲ್ಲಿ ಪೆಟ್ಟಿಗೆಯ ಬಾಗಿಲು ಉತ್ತರಕ್ಕಿರುತ್ತದೆ. ಏಕೆಂದು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ. ವರ್ಷದ ಹೆಚ್ಚಿನ ದಿನಗಳಲ್ಲಿ ಮಧ್ಯಾಹ್ನ ನಿಮ್ಮ ನೆರಳು ಯಾವ ಕಡೆ ಬೀಳುತ್ತದೆ ಎಂದು ನೋಡಿದರೆ ಸುಳಿವು ಸಿಗುತ್ತದೆ.

ಪೆಟ್ಟಿಗೆಯೊಳಗೆ ನಾಲ್ಕು ಉಷ್ಣತಾಮಾಪಕಗಳಿರುತ್ತವೆ.

1. ಗರಿಷ್ಠ ಉಷ್ಣತಾಮಾಪಕ: ಇದರಲ್ಲಿ ಪಾದರಸವಿದೆ. ಬುರುಡೆಯ ಹತ್ತಿರ ಕೊಳವೆ ತುಂಬ ಕಿರಿದಾಗಿದೆ. ಬಿಸಿಲೇರಿದಂತೆ ಹಿಗ್ಗಿದ ಪಾದರಸ ಆ ಇಕ್ಕಟ್ಟನ್ನು ದಾಟಿ ಮೇಲೇರುತ್ತದೆ. ತಂಪಾದಾಗ ತಾನಾಗಿ ಹಿಂದಿರುಗಲಾರದು. ದಿನದ ಅತಿ ಹೆಚ್ಚಿನ ಉಷ್ಣತೆಯಲ್ಲೇ ನಿಂತಿರುತ್ತದೆ. ಹಳೆಯ ಪಾದರಸದ ಜ್ವರಮಾಪಕದ ತತ್ವವೂ ಇದೇ.

2. ಕನಿಷ್ಠ ಉಷ್ಣತಾಮಾಪಕ: ಇದರಲ್ಲಿ ಆಲ್ಕೋಹಾಲ್ ಇದೆ. ಅದರೊಳಗೆ ಒಂದು ಸಣ್ಣ ಕಡ್ಡಿ. ತಂಪಾಗಿ ಆಲ್ಕೋಹಾಲ್ ಕುಗ್ಗಿದಾಗ ಕಡ್ಡಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಮತ್ತೆ ಹಿಗ್ಗಿದಾಗ ಕಡ್ಡಿಯನ್ನು ಅಲ್ಲಿಯೇ ಬಿಟ್ಟು ಮುಂದೆ ಹರಿಯುತ್ತದೆ. ಬೆಳಗಿನ ಜಾವದ ಚಳಿ ಎಷ್ಟಿತ್ತೆಂದು ಕಡ್ಡಿ ಹೇಳುತ್ತದೆ.

3 ಮತ್ತು 4. ಒಣ ಬುರುಡೆ ಹಾಗೂ ಒದ್ದೆ ಬುರುಡೆಯ ಉಷ್ಣತಾಮಾಪಕಗಳು: ಎರಡೂ ಒಂದೇ ಬಗೆಯವು. ಒಂದರ ಬುರುಡೆಗೆ ಮಾತ್ರ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಬಟ್ಟೆಯ ನೀರು ಆವಿಯಾಗುವಾಗ ಬುರುಡೆ ತಂಪಾಗುತ್ತದೆ, ಮಣ್ಣಿನ ಹೂಜಿಯ ನೀರು ತಂಪಾಗುವ ಹಾಗೆ. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗಿ ಎರಡು ಮಾಪಕಗಳ ನಡುವಿನ ವ್ಯತ್ಯಾಸ ಹೆಚ್ಚುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ವ್ಯತ್ಯಾಸ ಕಡಿಮೆ. ಇದರಿಂದ ಗಾಳಿಯ ಆರ್ದ್ರತೆಯನ್ನು ಲೆಕ್ಕ ಹಾಕುತ್ತಾರೆ. ಮಾರ್ಚಿಯಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ, ಜುಲೈನಲ್ಲಿ ದಿನವಿಡೀ ಒಣಗುವುದಿಲ್ಲ. ಈಗ ಕಾರಣ ತಿಳಿಯಿತೇ?

ಎಚ್ಚರಿಕೆ: ಪಾದರಸ ವಿಷ. ಉಷ್ಣತಾಮಾಪಕ ಒಡೆದರೆ ಹೊಳೆಯುವ ಆ ಗುಂಡುಗಳನ್ನು ಕೈಯಲ್ಲಿ ಮುಟ್ಟಬೇಡಿ, ಕೂಡಲೇ ದೊಡ್ಡವರಿಗೆ ತಿಳಿಸಿ.

ಗಾಳಿಯ ಭಾರ

ನಮ್ಮ ತಲೆಯ ಮೇಲೆ ಗಾಳಿಯ ಒಂದು ದೊಡ್ಡ ರಾಶಿಯೇ ಇದೆ. ಅದಕ್ಕೆ ಭಾರವಿದೆ. ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1643ರಲ್ಲಿ ಇದನ್ನು ಅಳೆಯುವ ದಾರಿ ಕಂಡುಕೊಂಡರು. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸವಿರುವ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ ಪಾದರಸ ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಬಟ್ಟಲಿನ ಮೇಲೆ ಒತ್ತುತ್ತಿರುವ ಗಾಳಿಯೇ ಅದನ್ನು ಎತ್ತಿ ಹಿಡಿದಿತ್ತು. ಇದೇ ವಾಯುಭಾರಮಾಪಕ. ಪಾದರಸದ ಬದಲು ನೀರು ಬಳಸಿದ್ದರೆ ಹತ್ತು ಮೀಟರಿಗೂ ಉದ್ದದ ಕೊಳವೆ ಬೇಕಾಗುತ್ತಿತ್ತು!

ವಾಯುಭಾರವನ್ನು ಹೆಕ್ಟೊಪಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಸಮುದ್ರಮಟ್ಟದಲ್ಲಿ ಇದು ಸುಮಾರು 1013. ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿ ಕಡಿಮೆಯಾಗಿ ಭಾರವೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇದು ಸುಮಾರು 910 ಮಾತ್ರ.

ಇಲ್ಲೊಂದು ಸ್ವಾರಸ್ಯವಿದೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದ ನಡುಭಾಗದಲ್ಲಿ ವಾಯುಭಾರ ಸುಮಾರು 912ಕ್ಕೆ ಕುಸಿದಿತ್ತೆಂದು ಅಂದಾಜು. ಹಾಗಾದರೆ ಬೆಂಗಳೂರಿನಲ್ಲಿ ದಿನಾಲೂ ಚಂಡಮಾರುತವೇ? ಅಲ್ಲ! ಎತ್ತರದ ಕಾರಣದಿಂದ ಅಲ್ಲಿ ಭಾರ ಕಡಿಮೆ, ಅಷ್ಟೆ. ಆದ್ದರಿಂದ ನಕ್ಷೆಯಲ್ಲಿ ಗುರುತಿಸುವ ಮೊದಲು, ಬೆಂಗಳೂರು, ಮಂಗಳೂರಿನಂಥ ಊರುಗಳ ಅಳತೆಗಳನ್ನು ‘ಈ ಊರು ಸಮುದ್ರಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು’ ಎಂದು ಲೆಕ್ಕ ಹಾಕಿ ಬದಲಾಯಿಸಿಕೊಳ್ಳುತ್ತಾರೆ. ಹೋಲಿಸಬೇಕಾದರೆ ಎಲ್ಲರೂ ಒಂದೇ ಮಟ್ಟದಲ್ಲಿ ನಿಂತಿರಬೇಕು!

ಗಾಳಿ ಎಲ್ಲಿಂದ? ಎಷ್ಟು ವೇಗ?

ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಗಾಳಿಯು ಹೆಚ್ಚು ಒತ್ತಡವಿರುವಲ್ಲಿಂದ ಕಡಿಮೆ ಒತ್ತಡದ ಕಡೆಗೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ದಾರಿಯಲ್ಲಿ ಸ್ವಲ್ಪ ತಿರುವು ಪಡೆಯುತ್ತದೆ. ಗಾಳಿಯ ದಿಕ್ಕನ್ನು ತೋರಿಸುವುದು ಪವನ ದಿಕ್ಸೂಚಿ. ಅದರ ಬಾಣದ ಬಾಲ ಅಗಲವಾಗಿರುತ್ತದೆ. ಗಾಳಿ ಬಾಲವನ್ನು ತಳ್ಳುವುದರಿಂದ ಬಾಣದ ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ. ಗಾಳಿಗೆ ಹೆಸರಿಡುವುದು ಅದು ಬಂದ ದಿಕ್ಕಿನಿಂದ. ನೈರುತ್ಯ ಮಾನ್ಸೂನ್ ನೈರುತ್ಯದಿಂದ ಬರುತ್ತದೆಯೇ ಹೊರತು ನೈರುತ್ಯಕ್ಕೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಹಲವರು ಇದನ್ನು ತಿರುವುಮುರುವು ಬರೆಯುತ್ತಾರೆ, ಜೋಕೆ!

ವೇಗ ಅಳೆಯುವುದು ಪವನ ವೇಗಮಾಪಕ. ತಿರುಗುವ ಕಡ್ಡಿಗಳ ತುದಿಗೆ ಅರ್ಧ ತೆಂಗಿನ ಚಿಪ್ಪಿನಂಥ ಬಟ್ಟಲುಗಳಿರುತ್ತವೆ. ಬಟ್ಟಲಿನ ಹಳ್ಳದ ಕಡೆಗೆ ಗಾಳಿಯ ತಳ್ಳು ಹೆಚ್ಚು, ಉಬ್ಬಿನ ಕಡೆಗೆ ಕಡಿಮೆ. ಆದ್ದರಿಂದ ಅದು ತಿರುಗುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂಬುದರಿಂದ ವೇಗ ತಿಳಿಯುತ್ತದೆ. ಮರ, ಮನೆಗಳು ಗಾಳಿಯನ್ನು ತಡೆಯುವುದರಿಂದ ಇದನ್ನು ಬಯಲಿನಲ್ಲಿ 10 ಮೀಟರ್ ಎತ್ತರದ ಕಂಬದ ಮೇಲೆ ಇಡುತ್ತಾರೆ.

ನೆಲ ಬಿಟ್ಟು ಮೇಲಕ್ಕೆ

ಇಲ್ಲಿಯವರೆಗೆ ಕಂಡದ್ದು ನೆಲದ ಮೇಲಿನ ಉಪಕರಣಗಳು. ಮಳೆ ಹುಟ್ಟುವುದು ಮೇಲೆ. ಅಲ್ಲಿನ ಸುದ್ದಿ ತರುವವರು ಯಾರು?

ಬಲೂನು: ಹೈಡ್ರೋಜನ್‌ನಂಥ ಹಗುರ ಅನಿಲ ತುಂಬಿದ ಬಲೂನಿಗೆ ಪುಟ್ಟ ಉಪಕರಣವೊಂದನ್ನು ಕಟ್ಟಿ ಹಾರಿಬಿಡುತ್ತಾರೆ. ಇದಕ್ಕೆ ರೇಡಿಯೋಸಾಂಡ್ ಎಂದು ಹೆಸರು. ಮೇಲೇರುತ್ತ ಅದು ಉಷ್ಣತೆ, ಆರ್ದ್ರತೆ, ಒತ್ತಡಗಳನ್ನು ಅಳೆದು ರೇಡಿಯೋ ಮೂಲಕ ತಿಳಿಸುತ್ತದೆ. ಸುಮಾರು 30 ಕಿ.ಮೀ. ಎತ್ತರಕ್ಕೂ ಹೋಗಬಲ್ಲ ಬಲೂನು ಕೊನೆಗೆ ಹಿಗ್ಗಿ ಒಡೆಯುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮಂಗಳೂರಿನಿಂದ ಇಂಥ ಬಲೂನುಗಳನ್ನು ಹಾರಿಸುತ್ತಾರೆ. ಜಗತ್ತಿನ ಎಲ್ಲ ಕೇಂದ್ರಗಳಿಗೂ ಇದಕ್ಕೆ ಗೊತ್ತುಪಡಿಸಿದ ಹೊತ್ತು ಒಂದೇ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ ಮತ್ತು ಸಂಜೆ 5.30.

ರಾಡಾರ್: ಬಾವಿಯೊಳಗೆ ಕೂಗಿದರೆ ಪ್ರತಿಧ್ವನಿ ಬರುತ್ತದಲ್ಲ? ಹಾಗೆಯೇ ರಾಡಾರ್ ಕಳುಹಿಸಿದ ರೇಡಿಯೋ ಅಲೆಗಳು ಮಳೆಹನಿಗಳಿಗೆ ತಾಗಿ ಮರಳುತ್ತವೆ. ಎಷ್ಟು ಹೊತ್ತಿಗೆ ಮರಳಿದವು ಎಂಬುದರಿಂದ ಮೋಡದ ದೂರ, ಎಷ್ಟು ಬಲವಾಗಿ ಮರಳಿದವು ಎಂಬುದರಿಂದ ಮಳೆಯ ರಭಸ ತಿಳಿಯುತ್ತದೆ. ಹತ್ತಿರ ಬರುವ ಬಸ್ಸಿನ ಹಾರ್ನ್ ಕೀರಲಾಗಿ, ದೂರ ಹೋಗುವಾಗ ದಪ್ಪಗೆ ಕೇಳಿಸುತ್ತದೆ. ಅದೇ ತತ್ವ ಬಳಸುವ ಡಾಪ್ಲರ್ ರಾಡಾರ್ ಮೋಡದೊಳಗಿನ ಗಾಳಿಯ ವೇಗವನ್ನೂ ಹೇಳುತ್ತದೆ.

ಉಪಗ್ರಹ: ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್ ಸರಣಿಯ ಉಪಗ್ರಹಗಳು ಭೂಮಿಯ ಜೊತೆಗೇ ಸುತ್ತುತ್ತ ನಮ್ಮ ದೇಶದ ಮೇಲೆಯೇ ಕಣ್ಣಿಟ್ಟಿರುತ್ತವೆ. 2024ರ ಫೆಬ್ರವರಿ 17ರಂದು ಶ್ರೀಹರಿಕೋಟದಿಂದ ಇನ್ಸಾಟ್-3ಡಿಎಸ್ ಹಾರಿತು. ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ!

ಉಪಕರಣಗಳ ತಾಯಿ ಅನ್ನಾ ಮಣಿ

1948ರ ವರೆಗೂ ಸಣ್ಣಪುಟ್ಟ ಹವಾಮಾನ ಉಪಕರಣಗಳಿಗೂ ನಮ್ಮ ದೇಶ ಬಹುಮಟ್ಟಿಗೆ ವಿದೇಶಗಳನ್ನೇ ನಂಬಿತ್ತು. ಇದನ್ನು ಬದಲಾಯಿಸಿದವರಲ್ಲಿ ಪ್ರಮುಖರು ಅನ್ನಾ ಮಣಿ. ಅವರು 1918ರ ಆಗಸ್ಟ್ 23ರಂದು ಈಗಿನ ಕೇರಳದ ಪೀರುಮೇಡಿನಲ್ಲಿ ಹುಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಬಗ್ಗೆ ಸಂಶೋಧನೆ ಮಾಡಿದರು. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು. 1948ರಲ್ಲಿ ಮರಳಿ ಬಂದು ಪುಣೆಯಲ್ಲಿ ಭಾರತ ಹವಾಮಾನ ಇಲಾಖೆ ಸೇರಿದರು.

ಅವರು ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿ, ಅವು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. ಒಂದು ಊರಿನ ಉಪಕರಣ ಇನ್ನೊಂದು ಊರಿನ ಉಪಕರಣದ ಹಾಗೆಯೇ ಇರಬೇಕು, ಇಬ್ಬರ ಅಳತೆಯೂ ತಾಳೆಯಾಗಬೇಕು ಎಂಬುದು ಅವರ ಹಟ. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂದು ಅವರು ನಂಬಿದ್ದರು. ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಕಾರ್ಯಾಗಾರ ನಡೆಸಿದರು. ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅವರು ಕಲೆಹಾಕಿದ ಅಂಕಿಗಳು ಗಾಳಿಯಿಂದ ವಿದ್ಯುತ್ ತಯಾರಿಸುವವರಿಗೆ ದಾರಿದೀಪವಾದವು. ಅವರು 2001ರಲ್ಲಿ ನಿಧನರಾದರು.

ಅಳತೆಯಿಂದ ಮುನ್ಸೂಚನೆಗೆ

ಭಾರತ ಹವಾಮಾನ ಇಲಾಖೆ ಪ್ರಾರಂಭವಾದದ್ದು 1875ರಲ್ಲಿ. ನೆಲ, ಸಮುದ್ರ, ಆಕಾಶಗಳಿಂದ ಬರುವ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ ಇಂದಿನ ಹವಾಮಾನದ ಚಿತ್ರ ಬರೆಯುವುದು ಮೊದಲ ಹೆಜ್ಜೆ. ಈ ಚಿತ್ರ ಇನ್ನೊಂದು ಗಂಟೆಯಲ್ಲಿ, ಇನ್ನೊಂದು ದಿನದಲ್ಲಿ ಹೇಗೆ ಬದಲಾಗುತ್ತದೆ ಎಂದು ಭೌತವಿಜ್ಞಾನದ ಸೂತ್ರಗಳಿಂದ ಲೆಕ್ಕ ಹಾಕುವುದು ಎರಡನೆಯ ಹೆಜ್ಜೆ. ಈ ಲೆಕ್ಕ ಎಷ್ಟು ದೊಡ್ಡದೆಂದರೆ ಇದಕ್ಕೆ ಸೂಪರ್ ಕಂಪ್ಯೂಟರುಗಳೇ ಬೇಕು. ಪುಣೆಯ ‘ಅರ್ಕ’ ಮತ್ತು ನೊಯ್ಡಾದ ‘ಅರುಣಿಕಾ’ ಎಂಬ ಕಂಪ್ಯೂಟರುಗಳು 2024ರಲ್ಲಿ ಈ ಕೆಲಸಕ್ಕೆಂದೇ ಬಂದವು. ಆದರೆ ಕಂಪ್ಯೂಟರಿಗೆ ಕೊಟ್ಟ ಅಂಕಿಯೇ ತಪ್ಪಾಗಿದ್ದರೆ ಉತ್ತರವೂ ತಪ್ಪೇ.

“ಮಳೆ ಬರುತ್ತದೆ ಅಂದರು, ನಮ್ಮೂರಿಗೆ ಒಂದು ಹನಿಯೂ ಬೀಳಲಿಲ್ಲ” ಎಂದು ದೊಡ್ಡವರು ನಗುವುದನ್ನು ಕೇಳಿದ್ದೀರಲ್ಲ? ಮುನ್ಸೂಚನೆಯ ಮಾತುಗಳಿಗೆ ನಿಶ್ಚಿತ ಅರ್ಥವಿದೆ. ಅದನ್ನು ತಿಳಿದು ಕೇಳಬೇಕು.

ಒಂದೆರಡು ಕಡೆ – ಆ ಪ್ರದೇಶದ ಕೇಂದ್ರಗಳಲ್ಲಿ ಶೇ. 25ರವರೆಗೆ
ಕೆಲವೆಡೆ – ಶೇ. 26ರಿಂದ 50
ಹಲವೆಡೆ – ಶೇ. 51ರಿಂದ 75
ಬಹುತೇಕ ಎಲ್ಲೆಡೆ – ಶೇ. 76ರಿಂದ 100

‘ಒಂದೆರಡು ಕಡೆ ಮಳೆ’ ಎಂದರೆ ನಾಲ್ಕು ಕೇಂದ್ರಗಳಲ್ಲಿ ಮೂರಕ್ಕೆ ಮಳೆ ಬರದಿದ್ದರೂ ಮುನ್ಸೂಚನೆ ಸರಿಯೇ! ಮಳೆಯ ಪ್ರಮಾಣಕ್ಕೂ ಹೀಗೆಯೇ ಅರ್ಥವಿದೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ ಮಳೆ’, 204.5 ಮತ್ತು ಅದಕ್ಕೂ ಮೇಲ್ಪಟ್ಟರೆ ‘ಅತ್ಯಧಿಕ ಭಾರಿ ಮಳೆ’. ಬಣ್ಣಗಳ ಎಚ್ಚರಿಕೆಯಲ್ಲಿ ಹಸಿರು ಎಂದರೆ ಚಿಂತೆಯಿಲ್ಲ, ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಇದರಿಂದ ಪ್ರಯೋಜನ ಎಷ್ಟು? 1999ರ ಒಡಿಶಾ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ‘ಫೈಲಿನ್’ ಎಂಬ ಪ್ರಬಲ ಚಂಡಮಾರುತ ಬಂದಾಗ, ದಿನಗಳ ಮೊದಲೇ ಎಚ್ಚರಿಕೆ ಸಿಕ್ಕಿದ್ದರಿಂದ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಉಪಗ್ರಹ, ರಾಡಾರ್, ಕಂಪ್ಯೂಟರುಗಳ ಜೊತೆಗೆ ಆಶ್ರಯತಾಣಗಳನ್ನು ಕಟ್ಟಿದವರೂ, ಮನೆ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದವರೂ, ಎಚ್ಚರಿಕೆಯನ್ನು ನಂಬಿ ಹೊರಟವರೂ ಸೇರಿ ಈ ಜೀವಗಳನ್ನು ಉಳಿಸಿದರು.

ಮಾಡಿ ನೋಡಿ: ನಿಮ್ಮ ಶಾಲೆಯ ಮಳೆಮಾಪಕ

ಬೇಕಾಗುವ ವಸ್ತುಗಳು: ನೇರ ಗೋಡೆಯ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಸಣ್ಣ ಹರಳು ಕಲ್ಲುಗಳು, ಸ್ಕೇಲು, ಅಂಟುಪಟ್ಟಿ, ಅಳಿಸದ ಮಸಿಯ ಪೆನ್ನು, ನಾಲ್ಕು ಇಟ್ಟಿಗೆ.

1. ಬಾಟಲಿಯ ಮೇಲ್ಭಾಗ ಓರೆಯಾಗುವ ಜಾಗದ ಸ್ವಲ್ಪ ಕೆಳಗೆ ಶಿಕ್ಷಕರಿಂದ ಕತ್ತರಿಸಿ. ಮುಚ್ಚಳ ತೆಗೆದು ಮೇಲ್ಭಾಗವನ್ನು ತಲೆಕೆಳಗಾಗಿಸಿ ಬಾಟಲಿಯ ಮೇಲೆ ಕೂರಿಸಿ. ಇದೇ ಆಲಿಕೆ. ಎರಡರ ಅಂಚುಗಳೂ ಸಮವಾಗಿರಲಿ.
2. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಅದು ಮುಚ್ಚುವಷ್ಟು ಹರಳು ಕಲ್ಲು ಹಾಕಿ, ಅದರ ಮೇಲೆ ಬರುವಂತೆ ನೀರು ತುಂಬಿ. ನೀರಿನ ಮಟ್ಟದಲ್ಲಿ ‘0’ ಎಂದು ಗೆರೆ ಎಳೆಯಿರಿ.
3. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಸಹಾಯದಿಂದ ಮಿಲಿಮೀಟರ್ ಗುರುತು ಹಾಕಿ.
4. ಬಯಲು ಜಾಗದಲ್ಲಿ, ಬಾಯಿ ನೆಲದಿಂದ 30 ಸೆಂ.ಮೀ. ಎತ್ತರ ಬರುವಂತೆ ಇಟ್ಟಿಗೆಗಳ ನಡುವೆ ಭದ್ರವಾಗಿ ನಿಲ್ಲಿಸಿ.
5. ದಿನಾಲೂ ಒಂದೇ ಹೊತ್ತಿಗೆ ನೋಡಿ. ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿರಲಿ. ಬರೆದುಕೊಂಡ ಮೇಲೆ ನೀರನ್ನು ಮತ್ತೆ ‘0’ ಗೆರೆಗೆ ತನ್ನಿ.

ಗುಡುಗು ಸಿಡಿಲು ಇರುವಾಗ ಹೊರಗೆ ಹೋಗಬೇಡಿ. ಮಳೆ ನಿಂತ ಮೇಲೆ ನೋಡಿದರೂ ನೀರು ಅಲ್ಲೇ ಇರುತ್ತದೆ. ಬಾಟಲಿಯಲ್ಲಿ ನೀರು ನಿಂತೇ ಇರುವುದರಿಂದ ಸೊಳ್ಳೆ ಮರಿ ಮಾಡದಂತೆ ವಾರಕ್ಕೊಮ್ಮೆ ಅದನ್ನು ಬದಲಾಯಿಸಿ.

ಪುಸ್ತಕದಲ್ಲಿ ನಾಲ್ಕು ಸಾಲು ಮಾಡಿ: ದಿನಾಂಕ, ಹೊತ್ತು, ಮಳೆ ಮಿ.ಮೀ.ನಲ್ಲಿ, ನೋಡಿದವರ ಹೆಸರು. ಒಂದು ಮಾತು ಮುಖ್ಯ. ನೋಡಿದಾಗ ಮಳೆ ಬಂದಿರದಿದ್ದರೆ ‘0’ ಬರೆಯಿರಿ. ಭಾನುವಾರ ಯಾರೂ ನೋಡದಿದ್ದರೆ ‘ನೋಡಿಲ್ಲ’ ಎಂದೇ ಬರೆಯಿರಿ, ‘0’ ಬರೆಯಬೇಡಿ. ‘ಮಳೆ ಇಲ್ಲ’ ಎಂಬುದು ಒಂದು ಸಂಗತಿ, ‘ನನಗೆ ಗೊತ್ತಿಲ್ಲ’ ಎಂಬುದು ಬೇರೆ ಸಂಗತಿ. ಊಹಿಸಿ ಬರೆದ ಒಂದು ಅಂಕಿ ಇಡೀ ತಿಂಗಳ ಲೆಕ್ಕವನ್ನು ಕೆಡಿಸುತ್ತದೆ.

ನಮ್ಮ ದೇಶದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾಡಿಕೆ ಮಳೆ 87 ಸೆಂ.ಮೀ. ಎನ್ನುತ್ತಾರೆ. ಇದು 1971ರಿಂದ 2020ರವರೆಗೆ, ಐವತ್ತು ವರ್ಷ ಅಳೆದು ಬರೆದ ಅಂಕಿಗಳ ಸರಾಸರಿ. ವಾಡಿಕೆಗಿಂತ ಶೇ. 20ರಿಂದ 59ರಷ್ಟು ಕಡಿಮೆಯಾದರೆ ಅದು ‘ಕೊರತೆ’. ನಿಮ್ಮ ತಾಲ್ಲೂಕಿಗೆ ಬರ ಬಂದಿದೆಯೇ ಇಲ್ಲವೇ ಎಂದು ನಿರ್ಧರಿಸುವಾಗಲೂ ಇಂಥ ಅಂಕಿಗಳೇ ಮುಂದೆ ಬರುತ್ತವೆ. ಯಾವುದೋ ಊರಿನಲ್ಲಿ ಯಾರೋ ದಿನಾಲೂ ಬೆಳಿಗ್ಗೆ 8.30ಕ್ಕೆ ಕೊಡೆ ಹಿಡಿದು ಹೋಗಿ ನೋಡಿ ಬರೆದದ್ದರಿಂದ ಇದು ಸಾಧ್ಯವಾಯಿತು. ನಿಮ್ಮ ಶಾಲೆಯ ಮಳೆ ಪುಸ್ತಕವನ್ನು ಮುಂದಿನ ವರ್ಷದ ತರಗತಿಗೆ ಜೋಪಾನವಾಗಿ ಒಪ್ಪಿಸಿ. ಅವರೂ ಬರೆಯಲಿ.

ಯೋಚಿಸಿ ಉತ್ತರಿಸಿ

1. ಬಾಯಿ ಅಗಲ, ತಳ ಕಿರಿದಾಗಿರುವ ಬಕೆಟ್ಟಿನಲ್ಲಿ ಮಳೆ ಅಳೆದು ಸ್ಕೇಲಿನಿಂದ ಎತ್ತರ ನೋಡಿದರೆ ಲೆಕ್ಕ ಹೆಚ್ಚು ಬರುತ್ತದೆಯೋ ಕಡಿಮೆಯೋ? ಏಕೆ?
2. 78.5 ಚದರ ಸೆಂ.ಮೀ. ವಿಸ್ತೀರ್ಣದ ಬಾಯಿಯುಳ್ಳ ಆಲಿಕೆಯಲ್ಲಿ 157 ಮಿಲಿಲೀಟರ್ ನೀರು ಸಿಕ್ಕಿತು. ಮಳೆ ಎಷ್ಟು ಮಿ.ಮೀ.?
3. ನಿಮ್ಮ ಶಾಲೆಯ ಮಾಳಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ ಇದೆ. 25 ಮಿ.ಮೀ. ಮಳೆಯಾದರೆ ಮಾಳಿಗೆಯ ಮೇಲೆ ಬಿದ್ದ ನೀರು ಎಷ್ಟು ಲೀಟರ್?
4. ಒಣ ಬುರುಡೆ ಮತ್ತು ಒದ್ದೆ ಬುರುಡೆಯ ಮಾಪಕಗಳು ಒಂದೇ ಉಷ್ಣತೆ ತೋರಿಸಿದರೆ ಗಾಳಿಯ ಬಗ್ಗೆ ಏನು ಹೇಳಬಹುದು?
5. ಇಂದು ಸಂಜೆ ಆಕಾಶವಾಣಿಯ ಹವಾಮಾನ ವರದಿ ಕೇಳಿ. ‘ಕೆಲವೆಡೆ’, ‘ಹಲವೆಡೆ’ ಎಂಬ ಮಾತುಗಳನ್ನು ಯಾವ ಯಾವ ಪ್ರದೇಶಕ್ಕೆ ಬಳಸಿದರು? ಬರೆದುಕೊಂಡು ಬಂದು ತರಗತಿಯಲ್ಲಿ ಚರ್ಚಿಸಿ.

(ಉತ್ತರಗಳು: 1. ಹೆಚ್ಚು. ಅಗಲ ಬಾಯಿಯಲ್ಲಿ ಬಿದ್ದ ನೀರು ಕಿರಿದಾದ ತಳದಲ್ಲಿ ಸೇರುವುದರಿಂದ ಎತ್ತರ ನಿಲ್ಲುತ್ತದೆ. 2. 20 ಮಿ.ಮೀ. 3. 2,400 ಲೀಟರ್. 4. ಗಾಳಿಯಲ್ಲಿ ಹಿಡಿಸುವಷ್ಟು ತೇವ ಆಗಲೇ ತುಂಬಿದೆ, ಬಟ್ಟೆಯ ನೀರು ಆವಿಯಾಗುತ್ತಿಲ್ಲ.)